ನಾಲ್ಕು ನಿಮಿಷದ ವ್ಯಾಯಾಮ ಸಾಕೇ? ಕುಮಟೆಯ ಮಾಸ್ತರರ ಪ್ರಶ್ನೆಗೆ ಉತ್ತರ

ಮಾಸ್ತರೇ, ನಿನ್ನೆ ರಾತ್ರಿ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 43, ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಮಳೆ ಹಿಡಿದ ಮೇಲೆ ಸಂಜೆಯ ನಡಿಗೆ ನಿಂತಿದೆ. ಅದರ ಬದಲು ಹನ್ನೊಂದು ದಿನಗಳಿಂದ ಬೆಳಿಗ್ಗೆ ಎದ್ದವರೇ ತಬಾಟ ಲೆಕ್ಕದಲ್ಲಿ, ಅಂದರೆ ಇಪ್ಪತ್ತು ಸೆಕೆಂಡು ಬಿರುಸು, ಹತ್ತು ಸೆಕೆಂಡು ಬಿಡುವು ಎಂಬಂತೆ, ನಾಲ್ಕು ನಿಮಿಷ ಬರ್ಪಿ (ಕುಕ್ಕರಿಸಿ, ಕೈಯೂರಿ ಕಾಲು ಹಿಂದೆ ಚಾಚಿ, ಎದ್ದು ಹಾರುವ ವ್ಯಾಯಾಮ) ಮಾಡುತ್ತಿದ್ದೀರಿ. ಮೂರು ದಿನಗಳಿಂದ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೇ ಎಡ ಹಿಮ್ಮಡಿ ಚುಚ್ಚುತ್ತಿದೆ. ಇಷ್ಟೆಲ್ಲ ಬರೆದು, ಇದನ್ನು ಎರಡು ಸುತ್ತಿಗೆ ಏರಿಸಲೇ, ಯಾವ ಗಡಿಯಾರ ಕೊಳ್ಳಲಿ ಎಂದು ಕೇಳಿದ್ದೀರಿ. ಏರಿಸಬೇಡಿ. ನಾಳೆ ಬೆಳಿಗ್ಗೆಯಿಂದಲೇ ಹಾರುವುದನ್ನು ನಿಲ್ಲಿಸಿ. ಇದೇ ತಪ್ಪನ್ನು ಮಾಡಿ ಏಳು ವಾರ ಕುಂಟಿದವನು ನಾನು. ಆದ್ದರಿಂದ ಉತ್ತರ ಉದ್ದವಾದರೂ ದಯವಿಟ್ಟು ಪೂರ್ತಿ ಓದಿ.

ಅಲ್ಪ ಅವಧಿಯ ವ್ಯಾಯಾಮದಿಂದ ಏನೂ ಆಗದು ಎಂದು ನಾನು ಹೇಳುತ್ತಿಲ್ಲ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ‘ನಾಲ್ಕು ನಿಮಿಷ ಒಂದು ಗಂಟೆಗೆ ಸಮ’ ಎಂದು ನಿಮ್ಮ ಪ್ರಶ್ನೆಯ ಕೆಳಗೆ ಮೂವರು ಬರೆದಿದ್ದಾರಲ್ಲ, ಆ ಮಾತು ಎಲ್ಲಿಂದ ಬಂತೆಂದು ಅವರು ನೋಡಿದಂತಿಲ್ಲ. ಜಪಾನಿನ ಸ್ಕೇಟಿಂಗ್ ತರಬೇತುದಾರ ಇರಿಸಾವಾ ಕೊಯಿಚಿ ತನ್ನ ಕ್ರೀಡಾಪಟುಗಳಿಗೆ ಮಾಡಿಸುತ್ತಿದ್ದ ಕ್ರಮವನ್ನು ಇಝುಮಿ ತಬಾಟ ಪ್ರಯೋಗಾಲಯದಲ್ಲಿ ಅಳೆದು 1996ರಲ್ಲಿ ಪ್ರಕಟಿಸಿದರು. ಅದರಲ್ಲಿ ಪಾಲ್ಗೊಂಡವರು ದೈಹಿಕ ಶಿಕ್ಷಣ ಓದುತ್ತಿದ್ದ ತರುಣರು. ಅವರು ಮಾಡಿದ್ದು ಬರ್ಪಿಯಲ್ಲ. ನೆಲಕ್ಕೆ ಕಾಲು ಬಡಿಯದ, ನಿಂತಲ್ಲೇ ತುಳಿಯುವ ಸೈಕಲ್ಲು. ಇಪ್ಪತ್ತು ಸೆಕೆಂಡು ತುಳಿತ, ಹತ್ತು ಸೆಕೆಂಡು ಬಿಡುವು. ಏಳೆಂಟನೆಯ ಸುತ್ತಿಗೆ ಮುಂದುವರಿಸಲಾರದೆ ನಿಲ್ಲಬೇಕು, ಅಷ್ಟು ಕಠಿಣ. ವಿಓ2 ಮ್ಯಾಕ್ಸ್ (ಮೈ ಒಂದು ನಿಮಿಷಕ್ಕೆ ಬಳಸಬಲ್ಲ ಗರಿಷ್ಠ ಆಮ್ಲಜನಕ) ಮುಟ್ಟುವ ತುಳಿತದ ಸುಮಾರು 170 ಪ್ರತಿಶತದಷ್ಟು ಹೊರೆ ಅದು. ಅದಕ್ಕೆ ಮೊದಲು ಹತ್ತು ನಿಮಿಷ ಮೈ ಕಾಯಿಸುವ ಹಗುರ ತುಳಿತವಿತ್ತು. ವಾರದ ಐದು ದಿನಗಳಲ್ಲಿ ಒಂದು ದಿನ ಅರ್ಧ ಗಂಟೆಯ ಸಾಧಾರಣ ವೇಗದ ತುಳಿತವೂ ಇತ್ತು. ವೀಡಿಯೋ ಮಾಡುವವರು ಈ ಹತ್ತು ನಿಮಿಷವನ್ನೂ ಈ ಅರ್ಧ ಗಂಟೆಯನ್ನೂ ಕತ್ತರಿಸಿ, ನಡುವಿನ ನಾಲ್ಕು ನಿಮಿಷವನ್ನಷ್ಟೇ ನಮಗೆ ಕೊಟ್ಟಿದ್ದಾರೆ.

ನಾನೂ ಆ ನಡುವಿನ ತುಂಡನ್ನೇ ಹಿಡಿದವನು. ಆಗ ಕೆಲಸದ ನಿಮಿತ್ತ ಕಾರವಾರದಲ್ಲಿದ್ದೆ, ವಯಸ್ಸು 46. ಏಪ್ರಿಲ್ ತಿಂಗಳು. ಬೆಳಗಿನ ಆರಕ್ಕೇ ಬನಿಯನ್ನು ಮೈಗೆ ಅಂಟುವಂಥ ಸೆಕೆಯಲ್ಲಿ ಟಾಗೋರ್ ಕಡಲತೀರಕ್ಕೆ ಹೋಗಿ, ನೀರಂಚಿನ ಒದ್ದೆ ಮರಳಿನ ಮೇಲೆ ಬರಿಗಾಲಿನಲ್ಲಿ ಇಪ್ಪತ್ತು ಸೆಕೆಂಡು ಓಟ, ಹತ್ತು ಸೆಕೆಂಡು ನಿಲುಗಡೆ, ಹೀಗೆ ಎಂಟು ಸುತ್ತು. ಒಂದು ದಿನವೂ ಬಿಡುವು ಕೊಡಲಿಲ್ಲ. ಒಂಬತ್ತು ದಿನಗಳಲ್ಲಿ ಉಸಿರಿನ ಹಿಡಿತ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಅದರಿಂದಾಗಿಯೇ ಮೀನಖಂಡದ ಬಿಗಿತವನ್ನು ನಾನು ಲಕ್ಷಿಸಲಿಲ್ಲ. ಹತ್ತನೆಯ ದಿನ ಮೂರನೆಯ ಸುತ್ತಿನಲ್ಲಿ ಹಿಂದಿನಿಂದ ಯಾರೋ ಕಾಲಿಗೆ ಕಲ್ಲೆಸೆದಂತಾಯಿತು. ತಿರುಗಿ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಎಡ ಮೀನಖಂಡದ ಸ್ನಾಯು ಭಾಗಶಃ ಹರಿದಿತ್ತು. ಮನೆಗೆ ಹೋಗಲು ಆಟೋ ಹತ್ತುವುದಕ್ಕೂ ಇನ್ನೊಬ್ಬರ ಹೆಗಲು ಬೇಕಾಯಿತು. ಏಳು ವಾರ ಓಡಾಟವಿಲ್ಲ; ಆ ಮಳೆಗಾಲ ಮುಗಿಯುವಷ್ಟರಲ್ಲಿ ತೂಕ ನಾಲ್ಕು ಕಿಲೋ ಏರಿತ್ತು.

ನಂತರ ತಿಳಿದುಕೊಂಡ ಕಾರಣ ನಿಮ್ಮ ಹಿಮ್ಮಡಿಗೂ ಅನ್ವಯಿಸುತ್ತದೆ. ತೀವ್ರ ವ್ಯಾಯಾಮ ಶುರುಮಾಡಿದರೆ ರಕ್ತದ ದ್ರವಭಾಗ ಕೆಲವೇ ದಿನಗಳಲ್ಲಿ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಎರಡು ವಾರಗಳಲ್ಲೇ ದಮ್ಮು ಬಂದಂತೆ ಅನ್ನಿಸುತ್ತದೆ. ಸ್ನಾಯುರಜ್ಜು, ಅಂಗಾಲಿನ ಪಟ್ಟಿ, ಮೂಳೆ ಇವು ಗಟ್ಟಿಯಾಗಲು ತಿಂಗಳುಗಳು ಬೇಕು. ಉಸಿರು ‘ಇನ್ನೂ ಮಾಡಬಲ್ಲೆ’ ಎನ್ನುವ ಹೊತ್ತಿನಲ್ಲಿ ಹಿಮ್ಮಡಿ ಇನ್ನೂ ಹಳೆಯ ಹಿಮ್ಮಡಿಯೇ ಆಗಿರುತ್ತದೆ. ನನ್ನ ವಿಷಯದಲ್ಲಿ ಇಳಿಜಾರು ಮರಳು ಬೇರೆ ಸೇರಿತ್ತು: ತೀರದಗುಂಟ ಓಡುವಾಗ ಒಂದು ಕಾಲು ಸದಾ ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ. ನಿಮ್ಮ ವಿಷಯದಲ್ಲಿ ಗಚ್ಚಿನ ನೆಲವಿದೆ, ರಾತ್ರಿಯಿಡೀ ಮಲಗಿ ಸೆಟೆದ ಕಾಲಿದೆ, ಬರ್ಪಿಯ ಹಾರಿಕೆಯಿದೆ. ‘ನೋವಿಲ್ಲದೆ ಲಾಭವಿಲ್ಲ, ಮುಂದುವರಿಸಿ’ ಎಂದು ನಿಮಗೆ ಬರೆದವರು, ಹಿಮ್ಮಡಿ ನೋವೆಂದು ಹೇಳಿಕೊಂಡವರಿಗೆ ಹಾಗೆ ಬರೆಯಬಾರದಿತ್ತು. ಸ್ನಾಯುವಿನ ಮೈಕೈ ನೋವು ಒಂದು ದಿನ ಬಿಟ್ಟು ಬರುತ್ತದೆ, ಕೆಲವೇ ದಿನಗಳಲ್ಲಿ ಹೋಗುತ್ತದೆ, ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲಿನ ಒಂದೇ ಬಿಂದುವಿನಲ್ಲಿ, ಬೆಳಗಿನ ಮೊದಲ ಹೆಜ್ಜೆಗೆ ಚುಚ್ಚುವ ನೋವು ಬೇರೆ ಜಾತಿಯದು.

ಈಗ ನನಗೆ ಕೆಲಸ ಮಾಡಿದ ಕ್ರಮ ಹೇಳುತ್ತೇನೆ: ಮೆಟ್ಟಿಲು. ಶಿರಸಿ ಸೀಮೆಯ ನಮ್ಮ ಮನೆಗಳಲ್ಲಿ ಅಂಗಳ ಮೇಲೆ, ತೋಟ ಕೆಳಗೆ. ನಮ್ಮಲ್ಲಿ ಅಂಗಳದಿಂದ ತೋಟಕ್ಕೆ ಚಿರೇಕಲ್ಲಿನ 26 ಮೆಟ್ಟಿಲುಗಳಿವೆ. ಊರಿಗೆ ಮರಳಿದ ಮೇಲೆ ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಹೊತ್ತು, ಇದನ್ನೇ ಹತ್ತುತ್ತೇನೆ: ತಿಂಡಿಗೆ ಮೊದಲು, ಮಧ್ಯಾಹ್ನದ ಊಟಕ್ಕೆ ಮೊದಲು, ಸಂಜೆ ಚಹಾಕ್ಕೆ ಮೊದಲು. ಪ್ರತಿ ಹೊತ್ತಿಗೂ ಮೊದಲ ಹತ್ತಿಕೆ ನಿಧಾನ, ಮೈ ಕಾಯಲೆಂದು. ನಂತರ ಎರಡು ಹತ್ತಿಕೆ ಬಿರುಸಾಗಿ. ಓಡುವುದಲ್ಲ, ಒಂದೊಂದೇ ಮೆಟ್ಟಿಲನ್ನು ಪೂರ್ತಿ ಪಾದವೂರಿ ಬೇಗಬೇಗ ಏರುವುದು. ಮೇಲೆ ಬಂದಾಗ ಒಂದು ಇಡೀ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗಬಾರದು, ಆದರೆ ಒಂದೆರಡು ನಿಮಿಷದೊಳಗೆ ಹೇಳುವಂತಾಗಬೇಕು. ಇಳಿಯುವಾಗ ಮಾತ್ರ ಅತಿ ನಿಧಾನ. ಮಂಡಿಗೆ ಪೆಟ್ಟು ಬೀಳುವುದೂ ತೊಡೆ ಹಿಡಿದುಕೊಳ್ಳುವುದೂ ಇಳಿಯುವಾಗಲೇ, ಏಕೆಂದರೆ ಆಗ ತೊಡೆಯ ಸ್ನಾಯು ಹೊರೆ ಹೊತ್ತುಕೊಂಡೇ ಉದ್ದವಾಗುತ್ತದೆ. ಮೊದಲ ವಾರ ಬಿರುಸಿನ ಹತ್ತಿಕೆಯೇ ಬೇಡ.

ಮಳೆಗಾಲದಲ್ಲಿ ಈ ಕಲ್ಲುಗಳ ಮೇಲೆ ಪಾಚಿ ಕಟ್ಟುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ಅವುಗಳ ಮೇಲೆ ವ್ಯಾಯಾಮ ಮಾಡುವುದಿಲ್ಲ, ಮನೆಯೊಳಗೆ ಮೆತ್ತಿಗೆ (ಮೇಲಂತಸ್ತಿಗೆ) ಹೋಗುವ ಮೆಟ್ಟಿಲನ್ನು ಬಳಸುತ್ತೇನೆ. ಅದು ಹದಿಮೂರೇ ಮೆಟ್ಟಿಲು, ಆದ್ದರಿಂದ ಸಲ ಎರಡು ಪಟ್ಟು. ಹವಾಯಿ ಚಪ್ಪಲಿ ಹಾಕಿಕೊಂಡು ಯಾರೂ ಹತ್ತಬೇಡಿ. ಬರಿಗಾಲು ಅಥವಾ ನಿವಿಯಾದಂಥ ಸಾಧಾರಣ ಬೂಟು ಸಾಕು, ಎಂಟು ಸಾವಿರದ ಬೂಟು ಬೇಡ. ಒಂದು ಕೈ ಕಟಕಟೆಯ ಹತ್ತಿರವೇ ಇರಲಿ.

ಇದು ನನ್ನೊಬ್ಬನ ಅನುಭವವಷ್ಟೇ ಅಲ್ಲ. 2019ರಲ್ಲಿ ಕೆನಡಾದಲ್ಲಿ ವ್ಯಾಯಾಮವಿಲ್ಲದ ತರುಣ ತರುಣಿಯರಿಂದ 60 ಮೆಟ್ಟಿಲುಗಳನ್ನು ದಿನಕ್ಕೆ ಮೂರು ಸಲ, ಗಂಟೆಗಟ್ಟಲೆ ಅಂತರವಿಟ್ಟು, ವಾರಕ್ಕೆ ಮೂರು ದಿನ, ಆರು ವಾರ ಹತ್ತಿಸಿ ನೋಡಿದರು; ವಿಓ2 ಮ್ಯಾಕ್ಸ್‌ನ ಸುಧಾರಣೆ ದೊಡ್ಡದಲ್ಲ, ಸುಮಾರು ಐದು ಪ್ರತಿಶತ, ಆದರೆ ನಿಜವಾದದ್ದು. ಅದಕ್ಕೆ ಮೊದಲು, 2016ರಲ್ಲಿ, ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ ಕುಳಿತೇ ಕೆಲಸ ಮಾಡುವ ಗಂಡಸರನ್ನು ಹನ್ನೆರಡು ವಾರ ಪರೀಕ್ಷಿಸಿತ್ತು. ಒಂದು ಗುಂಪಿನವರು ವಾರಕ್ಕೆ ಮೂರು ಸಲ 45 ನಿಮಿಷ ಸಾಧಾರಣ ವೇಗದಲ್ಲಿ ಸೈಕಲ್ ತುಳಿದರು. ಇನ್ನೊಂದು ಗುಂಪಿನವರು ಇಪ್ಪತ್ತು ಸೆಕೆಂಡಿನ ಮೂರು ಪೂರ್ಣ ಬಲದ ತುಳಿತ ಮಾಡಿದರು. ಎರಡೂ ಗುಂಪಿನಲ್ಲಿ ವಿಓ2 ಮ್ಯಾಕ್ಸ್ ಸುಮಾರು 19 ಪ್ರತಿಶತ ಏರಿತು. ಗಮನಿಸಿ: ಅಲ್ಲಿ ಬಿರುಸಿನ ಭಾಗ ಒಂದೇ ನಿಮಿಷವಾದರೂ, ಮೊದಲ ಎರಡು ನಿಮಿಷದ ತಯಾರಿ, ನಡುವಿನ ಎರಡೆರಡು ನಿಮಿಷದ ಹಗುರ ತುಳಿತ, ಕೊನೆಯ ಮೂರು ನಿಮಿಷದ ತಣಿಸುವಿಕೆ ಸೇರಿ ಹತ್ತು ನಿಮಿಷವಾಗುತ್ತದೆ. ವಾರಕ್ಕೆ ಮೂರೇ ದಿನ. ನಿಮ್ಮಂತೆ ಹನ್ನೊಂದು ದಿನ ಸತತವಾಗಿ ಅಲ್ಲ.

ತೋಟದ ಕೆಲಸ ಮಾಡುವವರಿಗೆ ಇದೆಲ್ಲ ಬೇಕೇ ಎಂದು ಸಿದ್ದಾಪುರದ ಒಬ್ಬರು ಅದೇ ಪ್ರಶ್ನೆಯ ಕೆಳಗೆ ಕೇಳಿದ್ದಾರೆ. ಬಗ್ಗಿ ಅಡಿಕೆ ಹೆಕ್ಕುವುದು, ಕುಳಿತು ಸುಲಿಯುವುದು ದಿನವಿಡೀ ನಡೆದರೂ ಹೃದಯದ ಮಟ್ಟಿಗೆ ಹಗುರ ಕೆಲಸವೇ. ಗೊಬ್ಬರದ ಹೆಡಿಗೆ ಹೊತ್ತು ದಿಬ್ಬ ಏರುವುದು ಹಾಗಲ್ಲ. ಅದು ನಾನು ಮೇಲೆ ಹೇಳಿದ ಮೆಟ್ಟಿಲಿಗೆ ಸಮ. ವ್ಯಾಯಾಮವನ್ನೇ ಮಾಡದ 25 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಜನರ ಕೈಗೆ ಚಲನೆ ಅಳೆಯುವ ಸಾಧನ ಕಟ್ಟಿ ಮಾಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ದಿನಕ್ಕೆ ಮೂರು ಸಲ ಒಂದೆರಡು ನಿಮಿಷ ಹೀಗೆ ಏದುಸಿರು ಬರುವ ಕೆಲಸ ಮಾಡುತ್ತಿದ್ದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆಯಿತ್ತು. ಅದು ಕೇವಲ ವೀಕ್ಷಣೆ, ಆರೋಗ್ಯವಂತರೇ ಹೆಚ್ಚು ಚಟುವಟಿಕೆಯಿಂದ ಇದ್ದಿರಲೂಬಹುದು. ಆದರೂ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ‘ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ’ ಎಂಬ ಹಳೆಯ ಷರತ್ತನ್ನು ಕೈಬಿಟ್ಟಿದೆ ಎಂಬುದನ್ನು ಇದರೊಂದಿಗೆ ಸೇರಿಸಿ ಓದಬೇಕು. ಅದೇ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚಟುವಟಿಕೆ ಅಥವಾ 75ರಿಂದ 150 ನಿಮಿಷ ಬಿರುಸಿನದು, ಮೇಲೆ ಎರಡು ದಿನ ಸ್ನಾಯುಬಲದ ವ್ಯಾಯಾಮ ಎನ್ನುತ್ತದೆ. ದಿನಕ್ಕೆ ನಾಲ್ಕು ನಿಮಿಷವೆಂದರೆ ವಾರಕ್ಕೆ 28. ಸಂಜೆಯ ನಡಿಗೆಯನ್ನು ಬಿಟ್ಟು ನೀವು ಕಳೆದುಕೊಂಡದ್ದು ಎಷ್ಟೆಂದು ಇದರಿಂದ ಲೆಕ್ಕ ಹಾಕಬಹುದು.

ತೂಕದ ವಿಷಯ ಬೇಗ ಮುಗಿಸುತ್ತೇನೆ. ನಾಲ್ಕು ನಿಮಿಷದಲ್ಲಿ ಖರ್ಚಾಗುವುದು ಹೆಚ್ಚೆಂದರೆ ಐವತ್ತು ಅರವತ್ತು ಕ್ಯಾಲೊರಿ. ತುಪ್ಪ ಹಾಕಿದ ಎರಡು ತೆಳ್ಳೇವು (ತೆಳು ದೋಸೆ) ಅದರ ಹಲವು ಪಟ್ಟಾಗುತ್ತದೆ. ವ್ಯಾಯಾಮದ ನಂತರವೂ ಮೈ ಕೊಬ್ಬು ಸುಡುತ್ತಲೇ ಇರುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಆ ಮೊತ್ತ ತೀರ ಸಣ್ಣದು.

ಗಡಿಯಾರದ ಬಗ್ಗೆ. ಕೊಳ್ಳಬೇಡಿ. ನಾನು ಒಂದು ಕಂಪನಿಯ ದುಬಾರಿ ಗಡಿಯಾರ ಕೊಂಡು, ಅದು ತೋರಿಸುವ ನಾಡಿಯನ್ನು ನಂಬಿ ಕೆಟ್ಟೆ. ಮಣಿಕಟ್ಟಿನ ಬೆಳಕಿನ ಸಂವೇದಕ ಇಪ್ಪತ್ತು ಸೆಕೆಂಡಿನ ಬಿರುಸನ್ನು ಹಿಡಿಯುವಷ್ಟರಲ್ಲಿ ನಿಮ್ಮ ಬಿಡುವೂ ಮುಗಿದಿರುತ್ತದೆ, ಅದರಲ್ಲೂ ಬೆವರಿದ ಕೈಯಲ್ಲಿ. ಅಳೆಯಲೇಬೇಕೆಂದರೆ ಪೋಲಾರ್‌ನ ಎದೆಪಟ್ಟಿ ನನ್ನ ಮಟ್ಟಿಗೆ ಒಳ್ಳೆಯದು, ಕರಾವಳಿಯ ಬೆವರಿಗೆ ಪಟ್ಟಿಯನ್ನು ಪ್ರತಿ ಸಲ ತೊಳೆಯಬೇಕು. ಸೆಕೆಂಡು ಎಣಿಸಲು ಕ್ಯಾಸಿಯೋದ ಅಗ್ಗದ ಎಫ್-91ಡಬ್ಲ್ಯೂ ಕೈಗಡಿಯಾರ ಸಾಕು. ಇನ್ನು ಗರಿಷ್ಠ ನಾಡಿ ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕ ನಿಮಗೆ ಹೊಂದದಿರಬಹುದು: ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳು ನಾಡಿಯನ್ನು ತಗ್ಗಿಸಿಯೇ ಇಡುತ್ತವೆ, ನೀವು ಎಷ್ಟೇ ದಣಿದರೂ ಅಂಕಿ ಅಷ್ಟಾಗಿ ಏರದು. ಆ ಅಂಕಿಯ ಬೆನ್ನು ಹತ್ತುವುದು ಅಪಾಯ. ನಿಮ್ಮ ಮಾತ್ರೆ ಯಾವುದೆಂದು ನೋಡಿ, ಬಿರುಸಿನ ವ್ಯಾಯಾಮ ಮಾಡಬಹುದೇ ಎಂದು ಅದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗುಂಪಿನಲ್ಲಿ ಪ್ರಶ್ನೆ ಹಾಕಿ ಕಾಯಬಾರದು.

ನಿಮ್ಮ ಮುಂದಿನ ಆರು ವಾರಕ್ಕೆ ನನ್ನ ಸಲಹೆ ಹೀಗಿದೆ. ಮೊದಲ ಎರಡು ವಾರ ಹಾರಿಕೆಯೂ ಬೇಡ, ಮೆಟ್ಟಿಲೂ ಬೇಡ. ಗೋಡೆಗೆ ಬೆನ್ನೊರಗಿಸಿ ಕುರ್ಚಿಯಲ್ಲಿ ಕುಳಿತಂತೆ ಎರಡು ನಿಮಿಷ ನಿಲ್ಲುವುದು, ಎರಡು ನಿಮಿಷ ಬಿಡುವು, ಹೀಗೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ಮೊದಲು ಮೂವತ್ತು ಸೆಕೆಂಡೇ ಸಾಧ್ಯವಾದರೂ ಸರಿ, ತೊಡೆ ಸ್ವಲ್ಪವೇ ಬಗ್ಗಿದರೂ ಸರಿ. ಉಸಿರು ಮಾತ್ರ ಹಿಡಿಯಬಾರದು, ಹಿಡಿದರೆ ಒತ್ತಡ ಆ ಕ್ಷಣಕ್ಕೆ ಏರಿಬಿಡುತ್ತದೆ. ರಕ್ತದೊತ್ತಡವಿರುವ ನಿಮಗೆ ಇದನ್ನು ಆರಿಸಿದ್ದಕ್ಕೆ ಕಾರಣವಿದೆ: 270 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಹೀಗೆ ಅಲುಗಾಡದೆ ಹಿಡಿದು ನಿಲ್ಲುವ ವ್ಯಾಯಾಮಗಳೇ ವಿಶ್ರಾಂತಿಯಲ್ಲಿರುವಾಗಿನ ಒತ್ತಡವನ್ನು ಅತಿ ಹೆಚ್ಚು ಇಳಿಸಿದ್ದವು, ಮೇಲಿನ ಅಂಕಿಯಲ್ಲಿ ಸರಾಸರಿ ಎಂಟರಷ್ಟು. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಇದರೊಂದಿಗೆ ಊಟವಾದ ಮೇಲೆ ಹತ್ತು ನಿಮಿಷ ಜಗುಲಿಯಲ್ಲೋ ಶಾಲೆಯ ಮೊಗಸಾಲೆಯಲ್ಲೋ ನಡೆಯಿರಿ. ಮಳೆ ಅದಕ್ಕೆ ಅಡ್ಡಿಯಲ್ಲ, ಸಕ್ಕರೆ ಅಂಶಕ್ಕೂ ಅದು ಒಳ್ಳೆಯದು. ಆ ನಡಿಗೆಗೂ ಹಿಮ್ಮಡಿ ಚುಚ್ಚಿದರೆ ಐದೇ ನಿಮಿಷಕ್ಕೆ ಇಳಿಸಿ.

ನೋವು ಹೋದರೆ ಮೂರನೆಯ ವಾರ ಶಾಲೆಯ ಮೆಟ್ಟಿಲನ್ನು ನಿಧಾನವಾಗಿ, ಐದನೆಯ ವಾರ ವೈದ್ಯರ ಒಪ್ಪಿಗೆಯಿದ್ದರೆ ಬಿರುಸಾಗಿ ಹತ್ತಿ. ಹತ್ತಿ ನಿಂತ ಕೂಡಲೇ ಹದಿನೈದು ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ, ಎರಡರ ಅಂತರವನ್ನು ಬರೆದಿಡಿ; ಅದು ಹೆಚ್ಚಿದಷ್ಟೂ ಒಳ್ಳೆಯದು. ನನ್ನದು ಮೊದಲು 14 ಇತ್ತು, ಐದು ತಿಂಗಳಲ್ಲಿ 26ಕ್ಕೆ ಬಂತು. ಹಿಮ್ಮಡಿಯ ನೋವು ಎರಡು ವಾರಗಳ ನಂತರವೂ ಮೊದಲ ಹೆಜ್ಜೆಗೆ ಬರುತ್ತಿದ್ದರೆ ಮೂಳೆ ವೈದ್ಯರಿಗೆ ತೋರಿಸಿ, ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ; ಮಳೆಗಾಲ ಶುರುವಾದ ಮೇಲೆ ಇದೇ ತೊಂದರೆ ಹೇಳಿಕೊಂಡವರು ಗುಂಪಿನಲ್ಲಿ ಇನ್ನಿಬ್ಬರಿದ್ದಾರೆ.