ಅರ್ಥಶಾಸ್ತ್ರದ ಯುಟಿಲಿಟಿ ಬೇರೆ, ಮನೆ ಪ್ಲಾನಿನದು ಬೇರೆ

ಪಿಯುಸಿ ಪಾಠದಲ್ಲಿ ಸಿಗರೇಟಿಗೂ ಯುಟಿಲಿಟಿ ಇದೆ ಅಂತಾರೆ, ಮನೆ ಪ್ಲಾನಿನಲ್ಲೂ ಯುಟಿಲಿಟಿ ಅಂತ ಬರೆದಿದೆ, ಕರೆಂಟ್ ಕಂಪನಿಗೂ ಅದೇ ಹೆಸರು, ಇದು ಹೇಗೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ.

ಪ್ಲಾನಿನದು ಸುಲಭ. ಅಡುಗೆಮನೆ ಹಿಂದೆ ಪಾತ್ರೆ ತೊಳೆಯಲು, ವಾಷಿಂಗ್ ಮೆಷಿನ್ ಇಡಲು ಬಿಡುವ ಜಾಗ, ಅಷ್ಟೇ. ಕಂಪ್ಯೂಟರಿನಲ್ಲಾದರೆ ಫೈಲ್ ಜಿಪ್ ಮಾಡುವಂಥ ಚಿಕ್ಕ ಪ್ರೋಗ್ರಾಂ.

ಕರೆಂಟು, ನೀರು ಕೊಡುವ ಸಂಸ್ಥೆಗಳು ಪಬ್ಲಿಕ್ ಯುಟಿಲಿಟಿ. ನಮ್ಮ ಮೈಸೂರು, ಮಂಡ್ಯ ಕಡೆಗೆ ಕರೆಂಟ್ ಕೊಡುವ ಸೆಸ್ಕ್ ಇದೆಯಲ್ಲ, ಅದು. ಒಂದೇ ಬೀದಿಯಲ್ಲಿ ಎರಡು ಕಂಪನಿಗಳು ಎರಡು ಸಾಲು ಕಂಬ ನೆಟ್ಟರೆ ಸುಮ್ನೆ ದುಡ್ಡು ದಂಡ, ಅದಕ್ಕೇ ಒಬ್ಬರಿಗೇ ವಹಿಸಿ, ಅವರು ಮನಬಂದಂತೆ ರೇಟ್ ಏರಿಸದ ಹಾಗೆ ಕರೆಂಟಿನ ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ನಿಗದಿ ಮಾಡುತ್ತದೆ.

ಅರ್ಥಶಾಸ್ತ್ರದಲ್ಲಿ ಮಾತ್ರ ಹುಷಾರು. ನಮ್ಮ ಕನ್ನಡ ಪಠ್ಯದಲ್ಲಿ ಅದನ್ನು ತುಷ್ಟಿಗುಣ ಅಂತಾರೆ, ಆ ಹೆಸರು ನನಗೆ ತುಂಬಾ ಇಷ್ಟ. ಬೇಕು ಅನ್ನಿಸಿದ್ದನ್ನು ತೀರಿಸುವ ಗುಣ ಅದು. ಸಿಗರೇಟು ಒಳ್ಳೆಯದಾ ಕೆಟ್ಟದ್ದಾ ಅನ್ನುವ ಮಾತೇ ಅಲ್ಲಿಲ್ಲ, ಸೇದುವವನಿಗೆ ಅದು ಬೇಕು, ಅಷ್ಟು ಸಾಕು. ಬಿಸಿಲಲ್ಲಿ ಕುಡಿದ ಮೊದಲ ಲೋಟ ಕಬ್ಬಿನ ಹಾಲು ಕೊಟ್ಟ ತೃಪ್ತಿ ಮೂರನೇ ಲೋಟ ಕೊಡುವುದಿಲ್ಲ, ಅಲ್ವಾ? ಹೀಗೆ ಇನ್ನೊಂದು, ಮತ್ತೊಂದು ಅಂತ ಸೇರಿದಂತೆಲ್ಲ ಸಿಗುವ ಹೆಚ್ಚುವರಿ ತೃಪ್ತಿ ಕಡಿಮೆಯಾಗುತ್ತಾ ಹೋಗುವುದೇ ಇಳಿಮುಖ ಸೀಮಾಂತ ತುಷ್ಟಿಗುಣ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1871ರಲ್ಲಿ ಬೆಲೆಯನ್ನೇ ಇದರಿಂದ ವಿವರಿಸಿದರು.

ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್ 1789ರಲ್ಲಿ ಯುಟಿಲಿಟಿ ಅಂತ ಹೇಳಿದ್ದು ಇನ್ನೊಂದು. ಒಂದು ಕೆಲಸದಿಂದ ಎಲ್ಲರಿಗೂ ಆಗುವ ಸುಖ ದುಃಖ ಕೂಡಿ ಕಳೆದು ಅದು ಸರಿಯೋ ತಪ್ಪೋ ನೋಡಬೇಕು ಅಂತ. ಪರೀಕ್ಷೆಯಲ್ಲಿ ಇದನ್ನೂ ತುಷ್ಟಿಗುಣವನ್ನೂ ಬೆರೆಸಬೇಡಿ.