ಸಂಪಾದಕರ ಉತ್ತರ: ಆ ನಗು ಯಾರ ಮೇಲೆ?

ಮಾನ್ಯರೆ,

ತಮ್ಮ ಪತ್ರ ತಲುಪಿತು. ಪಿಯೆತ್ರೊ ಜೆರ್ಮಿ 1961ರಲ್ಲಿ ನಿರ್ದೇಶಿಸಿದ ‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದದ್ದು ತಮಗೆ ನೋವುಂಟುಮಾಡಿದೆ. ಮರ್ಯಾದೆಯ ಹೆಸರಿನಲ್ಲಿ ಹೆಂಡತಿಯನ್ನು ಕೊಲ್ಲುವವನ ಕಥೆಗೆ ನಗುವುದು ಹೇಗೆ, ಕೊನೆಯ ದೃಶ್ಯದ ಚಪಲ ಏಕೆ ಬೇಕಿತ್ತು ಎಂದು ಕೇಳಿದ್ದೀರಿ. ಎರಡೂ ನ್ಯಾಯವಾದ ಪ್ರಶ್ನೆಗಳು.

ಅಂದಿನ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ. ಆ ಕಾನೂನು ಬಂದದ್ದು 1970ರಲ್ಲಿ. ಆದರೆ ದಂಡಸಂಹಿತೆಯ 587ನೇ ವಿಧಿ ಇತ್ತು. ಸಂಗಾತಿಯ, ಮಗಳ ಅಥವಾ ಸಹೋದರಿಯ ಅಕ್ರಮ ಸಂಬಂಧ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ, ಮರ್ಯಾದೆಗೆ ಬಿದ್ದ ಪೆಟ್ಟಿನ ಕೋಪದಲ್ಲಿ ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸವೆಂದು ಅದು ಹೇಳುತ್ತಿತ್ತು. ಮಗಳು, ಸಹೋದರಿ ಎಂದಿತ್ತೇ ಹೊರತು ಮಗ, ಸಹೋದರ ಎಂದಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಜೆರ್ಮಿ ಮೊದಲು ಗಂಭೀರ ಚಿತ್ರವನ್ನೇ ಮಾಡಹೊರಟಿದ್ದರು. ಈ ವಿಧಿಯ ಅಸಂಬದ್ಧತೆಯೇ ಅವರನ್ನು ಹಾಸ್ಯದತ್ತ ಎಳೆದುಕೊಂಡು ಹೋಯಿತೆಂದು ನನಗೆ ತೋರುತ್ತದೆ.

ಮಾರ್ಚೆಲ್ಲೊ ಮಾಸ್ತ್ರೊಯಾನ್ನಿ ಅಭಿನಯಿಸಿದ, ಇಟಲಿಯ ಸಿಸಿಲಿ ದ್ವೀಪದ ಕುಲೀನ ಬ್ಯಾರನ್ ಫೆಫೆಯನ್ನೇ ನೋಡಿ. ಎದೆಯಲ್ಲಿರುವುದು ಎಳೆಯ ಬಂಧು ಏಂಜೆಲಾಳ ಮೇಲಿನ ಮೋಹ. ಹೆಂಡತಿ ರೊಸಾಲಿಯಾಳ ಬಗ್ಗೆ ಅಸೂಯೆ ಎಳ್ಳಷ್ಟೂ ಇಲ್ಲ. ಆದರೆ ಕಾನೂನಿಗೆ ಅಸೂಯೆ ಬೇಕು. ಆದ್ದರಿಂದ ಅವಳ ಹಳೆಯ ಪ್ರೇಮಿಯಾದ ಚಿತ್ರಕಾರ ಕಾರ್ಮೆಲೊನನ್ನು ಹುಡುಕಿ ಮನೆಗೆ ಕರೆತರುತ್ತಾನೆ, ಅವರ ಮಾತು ಕೇಳಲು ಟೇಪ್ ರೆಕಾರ್ಡರ್ ಬಚ್ಚಿಡುತ್ತಾನೆ, ತನ್ನ ಪರ ವಕೀಲ ಮುಂದೆ ಮಾಡಲಿರುವ ಭಾಷಣವನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಾನೆ. ಬಾಯಿಯ ಒಂದು ಕೊನೆಯನ್ನು ಒಳಕ್ಕೆ ಸೆಳೆದು ಲೊಚಗುಟ್ಟುವ ಆ ಮುಖಚೇಷ್ಟೆ ತಮಗೆ ನೆನಪಿರಬಹುದು. ಕ್ಷಣದ ಕೋಪಕ್ಕೆಂದು ಇಟ್ಟ ರಿಯಾಯಿತಿಯನ್ನು ವಾರಗಟ್ಟಲೆ ಲೆಕ್ಕ ಹಾಕಿ ಪಡೆಯುವ ಈ ಮನುಷ್ಯನನ್ನೂ, ಅವನ ಮರ್ಯಾದೆ ಹೋದಾಗ ಹಂಗಿಸಿ, ಕೊಂದ ಮೇಲೆ ಗೌರವಿಸುವ ಊರನ್ನೂ ಕಂಡು ನಾವು ನಗುತ್ತೇವೆ. ಸತ್ತವಳನ್ನು ಕಂಡಲ್ಲ.

ಹಾಗೆಂದು ತಮ್ಮ ನೋವನ್ನು ತಳ್ಳಿಹಾಕಲಾರೆ. ಡಾನಿಯೆಲಾ ರೊಕ್ಕಾ ಅಭಿನಯಿಸಿದ ರೊಸಾಲಿಯಾಳಿಗೆ ಕೂಡುಹುಬ್ಬು, ಮೇಲ್ದುಟಿಯ ರೋಮ, ಗಂಡನಿಗೆ ಉಸಿರುಕಟ್ಟಿಸುವಷ್ಟು ಮುದ್ದುಮಾತು ಕೊಟ್ಟು ಚಿತ್ರ ಅವಳನ್ನು ನಗೆಪಾಟಲು ಮಾಡುತ್ತದೆ. ನಾವು ಅವಳನ್ನು ಫೆಫೆಯ ಕಣ್ಣಿನಿಂದಷ್ಟೇ ನೋಡುತ್ತಿದ್ದೇವೆ ಎಂದು ಸಮರ್ಥಿಸಬಹುದು. ಆದರೂ ಪ್ರೀತಿಸಿದವನು ಮರಳಿ ಬಂದಾಗ ಅವಳೊಳಗೆ ಏನಾಯಿತೆಂದು ಅವಳ ಪಕ್ಕದಲ್ಲಿ ಕುಳಿತು ಕೇಳುವ ಒಂದು ದೃಶ್ಯವಾದರೂ ಬೇಕಿತ್ತು. ನಮ್ಮ ಲೇಖನದಲ್ಲಿ ಈ ಮಾತು ಬರಲಿಲ್ಲ. ಆ ಲೋಪ ನಮ್ಮದು.

ಇನ್ನು ಕೊನೆಯ ದೃಶ್ಯ. ಶಿಕ್ಷೆ ಮುಗಿಸಿ ಬಂದ ಫೆಫೆ ಏಂಜೆಲಾಳನ್ನು ಮದುವೆಯಾಗಿದ್ದಾನೆ. ದೋಣಿಯಲ್ಲಿ, ಬಿಸಿಲಿನಲ್ಲಿ, ಅವಳನ್ನು ಮುದ್ದಿಸುತ್ತಿದ್ದಾನೆ. ಅವಳ ಬರಿಗಾಲು ಮಾತ್ರ ದೋಣಿ ನಡೆಸುವ ಯುವಕನ ಕಾಲನ್ನು ಮೆಲ್ಲಗೆ ಸವರುತ್ತಿದೆ. ಫೆಫೆಗೆ ತಕ್ಕ ಶಾಸ್ತಿಯಾಯಿತೆಂದು ಬಹಳ ಮಂದಿ ಇದನ್ನು ಓದುತ್ತಾರೆ, ಮೊದಲ ಸಲ ನಾನೂ ಹಾಗೆಯೇ ನಕ್ಕಿದ್ದೆ. ತಮ್ಮ ಪತ್ರ ಓದಿ ಮತ್ತೆ ನೋಡಿದಾಗ ನಗು ಬರಲಿಲ್ಲ. ಅವಳ ಪಕ್ಕದಲ್ಲಿರುವವನು ಒಮ್ಮೆ ಕೊಂದು ಅಗ್ಗದಲ್ಲಿ ಪಾರಾದವನು, ಈ ಸಲ ಅವನ ಅಸೂಯೆ ನಟನೆಯಾಗಿರುವುದಿಲ್ಲ, ಮತ್ತು 587ನೇ ವಿಧಿ ರದ್ದಾದದ್ದು 1981ರಲ್ಲಿ. ಆ ಕಾಲಿನ ಚಲನೆಯನ್ನು ನೋಡುತ್ತ ನಾನು ಏಂಜೆಲಾಳಿಗಾಗಿ ಹೆದರಿದೆ.

ಸಂಪಾದಕ