ಓದುಗರ ಪ್ರಶ್ನೆ: ಯುದ್ಧ ನಿಲ್ಲಿಸಲು ಧರ್ಮಗುರುಗಳಿಂದ ಆಗುವುದೇನು?

ಪ್ರಶ್ನೆ: ಅಂತರ್ಯುದ್ಧ ನಡೆಯುವಾಗ ಧರ್ಮಗುರುಗಳು ಪ್ರಾರ್ಥನೆಗೆ ಕರೆ ಕೊಡುವುದಕ್ಕಿಂತ ಹೆಚ್ಚೇನು ಮಾಡಬಲ್ಲರು? (ಓದುಗರೊಬ್ಬರು, ಧಾರವಾಡ)

ಉತ್ತರ: ಬಹಳಷ್ಟು ಮಾಡಬಲ್ಲರು. ಆಫ್ರಿಕಾದ ಮೊಜಾಂಬಿಕ್ ದೇಶ ನೋಡಿ. 1977ರಿಂದ 1992ರವರೆಗೆ ಅಲ್ಲಿ ಫ್ರೆಲಿಮೊ ಸರ್ಕಾರಕ್ಕೂ ರೆನಾಮೊ ಬಂಡುಕೋರರಿಗೂ ನಡೆದ ಕಾದಾಟದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಸರ್ಕಾರದ ಲೆಕ್ಕದಲ್ಲಿ ರೆನಾಮೊದವರು ‘ಶಸ್ತ್ರಧಾರಿ ಡಕಾಯಿತರು’. ಹಾಗೆ ಕರೆದ ಮೇಲೆ ಅವರೊಡನೆ ನೇರವಾಗಿ ಮಾತಿಗೆ ಕೂರುವುದು ಹೇಗೆ?

ದಾರಿ ತೆರೆದವರು ಬೈರಾ ನಗರದ ಆರ್ಚ್‌ಬಿಷಪ್ ಜೈಮೆ ಗೊನ್ಸಾಲ್ವೆಸ್. 1988ರಲ್ಲಿ ಅವರು ಗುಟ್ಟಾಗಿ ಬಂಡುಕೋರರ ನೆಲೆಗೆ ಹೋಗಿ ನಾಯಕ ಅಫೊನ್ಸೊ ಧ್ಲಕಾಮರನ್ನು ಕಂಡರು. ಇಬ್ಬರೂ ಎನ್‌ಡಾವು ಸಮುದಾಯದವರು. ನಂಬಿಕೆ ಮೊಳೆತದ್ದು ಅಲ್ಲಿ. 1990ರ ಜುಲೈನಲ್ಲಿ ರೋಮ್‌ನ ಸಾಂತ್ ಎಜೀಡಿಯೊ ಎಂಬ ಕ್ಯಾಥೊಲಿಕ್ ಸಂಘಟನೆಯ ಕಟ್ಟಡದಲ್ಲಿ ಎರಡೂ ಕಡೆಯವರು ಮೊದಲ ಬಾರಿ ಎದುರುಬದುರು ಕುಳಿತರು. ಮುಂದೆ ಮಧ್ಯಸ್ಥರಾದವರು ಗೊನ್ಸಾಲ್ವೆಸ್, ಸಂಘಟನೆಯ ಆಂದ್ರೆಯಾ ರಿಕಾರ್ದಿ, ಪಾದ್ರಿ ಮತ್ತೇಯೊ ಝುಪ್ಪಿ ಮತ್ತು ಇಟಲಿ ಸರ್ಕಾರದ ಪರ ಮಾರಿಯೊ ರಾಫಾಯೆಲ್ಲಿ. ಮಾತುಕತೆ 27 ತಿಂಗಳು ನಡೆಯಿತು.

ಯಾವ ವಿಷಯ ಮೊದಲು, ಯಾವುದು ಆಮೇಲೆ ಎಂಬುದನ್ನು ಗಮನಿಸಿ. 1991ರ ಅಕ್ಟೋಬರ್‌ನಲ್ಲಿ ಮೂಲ ತತ್ವಗಳು, ನವೆಂಬರ್‌ನಲ್ಲಿ ರಾಜಕೀಯ ಪಕ್ಷಗಳ ನಿಯಮ, 1992ರ ಮಾರ್ಚ್‌ನಲ್ಲಿ ಚುನಾವಣೆಯ ನಿಯಮ ಇತ್ಯರ್ಥವಾದವು. ಸೈನ್ಯ ಮತ್ತು ಕದನವಿರಾಮ ಕಟ್ಟಕಡೆಗೆ. ರೈಲುಮಾರ್ಗಗಳಿದ್ದ ಎರಡು ಭೂಪಟ್ಟಿಗಳಲ್ಲಿ ಮಾತ್ರ 1990ರ ಡಿಸೆಂಬರ್‌ನಿಂದ ಭಾಗಶಃ ವಿರಾಮವಿತ್ತು. ಉಳಿದೆಡೆ ಕೊಲೆ ನಿಲ್ಲಲಿಲ್ಲ. ಇದು ಈ ಕ್ರಮ ಕೇಳಿದ ಘೋರ ಬೆಲೆ. ಆದರೆ ತಮಗೆ ರಾಜಕೀಯದಲ್ಲಿ ಜಾಗವಿದೆ ಎಂದು ಖಾತ್ರಿಯಾಗದೆ ಬಂದೂಕು ಕೆಳಗಿಡಲು ರೆನಾಮೊ ಒಪ್ಪುತ್ತಿರಲಿಲ್ಲ ಎಂದೇ ನಮ್ಮ ಅಭಿಪ್ರಾಯ. 1992ರ ಅಕ್ಟೋಬರ್ 4ರಂದು ಅಧ್ಯಕ್ಷ ಜೊವಾಕಿಂ ಚಿಸ್ಸಾನೊ ಮತ್ತು ಧ್ಲಕಾಮ ಸಹಿ ಹಾಕಿದರು.

ಎಡವುವುದು ಎಲ್ಲಿ ಅಂದರೆ, ಸಹಿಯಾದ ಮೇಲೆ. ಪಾದ್ರಿಗಳ ಕೈಯಲ್ಲಿ ಸೈನ್ಯವಿಲ್ಲ, ಖಜಾನೆಯೂ ಇಲ್ಲ. ಒಪ್ಪಂದ ಕಾಯಬೇಕಾದ ವಿಶ್ವಸಂಸ್ಥೆಯ ಪಡೆ ಬರುವುದು ತಡವಾಯಿತು. ಒಂದು ವರ್ಷದೊಳಗೆ ಆಗಬೇಕಿದ್ದ ಚುನಾವಣೆ ನಡೆದದ್ದು 1994ರ ಅಕ್ಟೋಬರ್‌ನಲ್ಲಿ. ಆದ್ದರಿಂದ ಮಧ್ಯಸ್ಥಿಕೆ ವಹಿಸುವ ಗುರುಗಳು, ಒಪ್ಪಂದ ಕಾಯುವವರು ಯಾರು, ಹಣ ಕೊಡುವವರು ಯಾರು ಎಂಬುದನ್ನು ಸಹಿಗೆ ಮುಂಚೆಯೇ ಬರೆಸಿಕೊಳ್ಳಬೇಕು.

ಪ್ರಶ್ನೆ: ಊರೂರಲ್ಲಿ ಉಳಿದ ಬಂದೂಕುಗಳು ಏನಾದವು? (ಅದೇ ಓದುಗರು)

ಉತ್ತರ: 1995ರಲ್ಲಿ ಆಂಗ್ಲಿಕನ್ ಬಿಷಪ್ ದಿನಿಸ್ ಸೆಂಗುಲಾನೆ ಮುಂದಾಳತ್ವದಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ ಒಂದು ಯೋಜನೆ ಹೂಡಿತು: ಶಸ್ತ್ರ ಕೊಡಿ, ಗುದ್ದಲಿಯನ್ನೋ ಹೊಲಿಗೆ ಯಂತ್ರವನ್ನೋ ಸೈಕಲ್ಲನ್ನೋ ಒಯ್ಯಿರಿ. ಬಂದ ಬಂದೂಕುಗಳನ್ನು ಮತ್ತೆ ಬಳಸಲಾಗದಂತೆ ಕತ್ತರಿಸಿ, ತುಂಡುಗಳನ್ನು ರಾಜಧಾನಿ ಮಪುಟೊದ ಕಲಾವಿದರಿಗೆ ಕೊಡುತ್ತಿದ್ದರು. ಅವುಗಳಿಂದ ಮಾಡಿದ ಒಂದು ಕುರ್ಚಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇಂಥ ಕೆಲಸಕ್ಕೆ ಕೈಹಾಕುವವರು ಸಾಮಾನನ್ನು ಮೊದಲೇ ದಾಸ್ತಾನು ಮಾಡಿಟ್ಟುಕೊಳ್ಳಬೇಕು. ಬಂದೂಕು ತಂದವನನ್ನು ಬರಿಗೈಲಿ ಕಳಿಸಿದರೆ ಆ ಊರಿನಿಂದ ಎರಡನೆಯವನು ಬರುವುದಿಲ್ಲ.